ಹಳೇ ಮಿನಿ ಟ್ರ್ಯಾಕ್ಟರ್ ತಗೋಬಹುದಾ? 2012 ಮಾಡೆಲ್, ಒಂದು ಎಂಬತ್ತೈದು ಹೇಳ್ತಿದಾರೆ

ಮಾದಾಪುರದವ

ಎಲ್ರಿಗೂ ನಮಸ್ಕಾರ. ನಮ್ದು ಮಾದಾಪುರ ಹತ್ರ ನಾಲ್ಕೂವರೆ ಎಕರೆ ರೋಬಸ್ಟಾ ಕಾಫಿ ತೋಟ, ಮಧ್ಯೆ ಮೆಣಸು, ಕೆಳಗೆ ಒಂದು ಎಕರೆ ಚಿಲ್ಲರೆ ಗದ್ದೆ. ಇಷ್ಟು ದಿನ ಗೊಬ್ಬರ ಸಾಗಿಸೋಕೆ, ಚೆರಿ (ಕಾಫಿ ಹಣ್ಣು) ಚೀಲ ಕಣಕ್ಕೆ ತರೋಕೆ ಪಿಕಪ್ ಬಾಡಿಗೆಗೆ ಕರೀತಿದ್ವಿ, ಗದ್ದೆಗೆ ಪಕ್ಕದೂರಿನ ಟಿಲ್ಲರ್ (ಕೈಯಲ್ಲಿ ಹಿಡಿದು ನಡೆಸೋ ಉಳುಮೆ ಯಂತ್ರ) ಬರ್ತಿತ್ತು. ಈಗ ನಾಟಿ ಟೈಮಲ್ಲಿ ಟಿಲ್ಲರ್‌ನವರು ಫೋನೇ ಎತ್ತಲ್ಲ, ಎತ್ತಿದ್ರೂ ನಾಳೆ ನಾಡಿದ್ದು ಅಂತ ವಾರ ಎಳೀತಾರೆ, ಅಷ್ಟೊತ್ತಿಗೆ ಸಸಿ ಬಲಿತು ಹೋಗಿರುತ್ತೆ. ಪಿಕಪ್‌ನವನು ಒಂದು ಮಳೆ ಬಿದ್ರೆ ಸಾಕು, ಗೇಟಿಂದ ಒಳಗೆ ಇಳಿಸಲ್ಲ.

ಹುಣಸೂರು ಕಡೆ ಪರಿಚಯದವರೊಬ್ಬರ ಮೂಲಕ ಒಂದು ಮಿನಿ ಟ್ರ್ಯಾಕ್ಟರ್ ಬಂದಿದೆ. 15 ಎಚ್‌ಪಿ, ಸಿಂಗಲ್ ಸಿಲಿಂಡರ್, ಟೂ ವೀಲ್ ಡ್ರೈವ್, 2012 ಮಾಡೆಲ್. ಮೂರಡಿ ರೋಟವೇಟರ್ (ಮಣ್ಣು ಕೊಚ್ಚಿ ಹದ ಮಾಡೋ ಯಂತ್ರ), ಸಣ್ಣ ಟ್ರೈಲರ್ ಎರಡೂ ಸೇರಿ 1.85 ಲಕ್ಷ ಹೇಳ್ತಿದಾರೆ. ತಂಬಾಕು ಹೊಲದಲ್ಲಿ ಓಡಿದ್ದಂತೆ, ಮೀಟರ್‌ನಲ್ಲಿ 2100 ಗಂಟೆ ತೋರಿಸ್ತಿದೆ. ಫೋಟೋದಲ್ಲಿ ಪೇಂಟ್ ಫಳಫಳ ಅಂತಿದೆ, ಅದೇ ಸ್ವಲ್ಪ ಡೌಟು. ಅಪ್ಪ ಅಂತೂ ಹಳೇ ಗಾಡಿ ತಂದು ಗ್ಯಾರೇಜ್‌ನವನ ಮನೆ ಉದ್ಧಾರ ಮಾಡ್ಬೇಡ ಅಂತಿದಾರೆ. ನಂಗೆ ಕಾರು, ಜೀಪು ಓಡಿಸಿ ಅಭ್ಯಾಸ ಇದೆ, ಟ್ರ್ಯಾಕ್ಟರ್ ಬಗ್ಗೆ ಏನೂ ಗೊತ್ತಿಲ್ಲ. ಏನ್ ನೋಡ್ಬೇಕು, ಎಷ್ಟಕ್ಕೆ ಕೇಳ್ಬೇಕು, ಇಲ್ಲಾ ಬಿಟ್ಟೇ ಬಿಡ್ಬೇಕಾ? ಗೊತ್ತಿರೋರು ಹೇಳಿ.

ಗದ್ದೆಮನೆ ನಾಪೋಕ್ಲು

ಟಿಲ್ಲರ್ ತಗೊಳ್ಳಿ ಮಾರಾಯ್ರೆ. ಒಂದೆಕರೆ ಗದ್ದೆಗೆ ಟ್ರ್ಯಾಕ್ಟರ್ ಯಾಕೆ? ನಮ್ಮ ಕಡೆ ಗದ್ದೆಗಳೆಲ್ಲ ಮೆಟ್ಟಿಲು ಮೆಟ್ಟಿಲು, ಒಂದ್ರಿಂದ ಇನ್ನೊಂದಕ್ಕೆ ಏರಿ ಕಡಿಯದೆ ಟ್ರ್ಯಾಕ್ಟರ್ ಇಳಿಯಲ್ಲ, ಟಿಲ್ಲರ್ ಆದ್ರೆ ಇಬ್ರು ಹಿಡಿದು ಇಳಿಸಿಬಿಡಬಹುದು. ಕೆಸರಿಗೆ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿದ್ರೆ ಟಿಲ್ಲರ್ ಮಾಡೋ ಕೆಲಸ ಬೇರೆ ಯಾವುದೂ ಮಾಡಲ್ಲ. ಟಿಲ್ಲರ್‌ಗೂ ಟ್ರೈಲರ್ ಸಿಗುತ್ತೆ.

ಸ್ಪ್ಯಾನರ್ ಕುಶಾಲನಗರ

ಟಿಲ್ಲರ್ ಟ್ರೈಲರ್‌ನಲ್ಲಿ ತುಂಬಿದ ಲೋಡ್ ಹಾಕ್ಕೊಂಡು ನಿಮ್ಮ ಕಡೆ ಇಳಿಜಾರು ಇಳಿದು ತೋರಿಸಿ ಅಣ್ಣ, ಆಮೇಲೆ ಮಾತಾಡೋಣ. ಗದ್ದೆ ಒಂದೇ ಕೆಲಸ ಆಗಿದ್ರೆ ನೀವು ಹೇಳಿದ್ದು ಸರಿ, ಇವರಿಗೆ ಸಾಗಾಣಿಕೆನೇ ಜಾಸ್ತಿ ಇರೋ ಹಾಗಿದೆ.

ಮಾದಾಪುರದವರೇ, ನಾನು ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿ ಮಾಡ್ಕೊಂಡೇ ಜೀವನ ಮಾಡೋನು, ಹಾಗಾಗಿ ನಿಮ್ಮಪ್ಪ ಹೇಳಿದ ಗ್ಯಾರೇಜ್‌ನವನು ನಾನೇ ಅಂತ ಇಟ್ಕೊಳ್ಳಿ. ಪೇಂಟ್ ನೋಡ್ಬೇಡಿ, ಮೀಟರ್ ಅಂತೂ ನೋಡ್ಲೇಬೇಡಿ, ಕೇಬಲ್ ಕಿತ್ತು ವರ್ಷಗಟ್ಲೆ ಓಡಿಸಿರೋ ಗಾಡಿಗಳು ಬೇಕಾದಷ್ಟಿವೆ. ನಿಜ ಹೇಳೋದು ಬೇರೆ ಜಾಗ. ಹಿಂದೆ ಟ್ರೈಲರ್ ಸಿಗಿಸೋ ಕೊಕ್ಕೆಯ ತೂತು ನೋಡಿ, ಗುಂಡಗೆ ಇದ್ರೆ ಲೋಡ್ ಕಮ್ಮಿ ಎಳೆದಿದೆ, ಮೊಟ್ಟೆ ಆಕಾರಕ್ಕೆ ಸವೆದು ಉದ್ದ ಆಗಿದ್ರೆ ಹೊಲದಲ್ಲಿ ಅಲ್ಲ, ಇಟ್ಟಿಗೆ, ಮರಳು, ಕಲ್ಲು ಹೊಡೆದಿದೆ ಅಂತ ಅರ್ಥ, ಕ್ಲಚ್ಚು ಗೇರ್‌ಬಾಕ್ಸು ಎರಡೂ ಅನುಮಾನ. ಪಿಟಿಓ ಶಾಫ್ಟಿನ (ರೋಟವೇಟರ್ ತಿರುಗಿಸೋಕೆ ಹಿಂದೆ ಚಾಚಿರೋ ಶಾಫ್ಟು) ಹಲ್ಲು ಕೈಯಲ್ಲಿ ಸವರಿ ನೋಡಿ, ಚೂಪಾಗಿ ತೆಳ್ಳಗೆ ಆಗಿದ್ರೆ ರೋಟವೇಟರ್ ಬೇಜಾನ್ ಓಡಿಸಿದಾರೆ. ಬ್ರೇಕ್, ಕ್ಲಚ್ ಪೆಡಲ್ ಮೇಲಿನ ಗೆರೆ ಎಲ್ಲ ಅಳಿಸಿ ಕಬ್ಬಿಣ ಮಿಂಚ್ತಿದೆ, ಮೀಟರ್ ಮಾತ್ರ 2100 ಅಂತಿದೆ ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ.

ಎಂಜಿನ್ ನೋಡೋಕೆ ಬೆಳಿಗ್ಗೆ ಬೇಗ ಹೋಗಿ, ಬರ್ತೀನಿ ಅಂತ ಟೈಮ್ ಕೊಟ್ಟು ಅದಕ್ಕಿಂತ ಮೊದಲೇ ಹೋಗಿ. ಹೋದ ತಕ್ಷಣ ಸೈಲೆನ್ಸರ್ ಬುಡದ ಹತ್ರ ಕೈ ಹಿಡಿದು ನೋಡಿ. ಬೆಚ್ಚಗಿದ್ರೆ ನೀವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದಾರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲ್ಲ ಅನ್ನೋದು ಮುಚ್ಚಿಡೋಕೆ. ಸ್ಟಾರ್ಟ್ ಮಾಡೋ ಮೊದಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲ್ತಿದೆಯಾ ನೋಡಿ, ಬಿಸಿ ಎಂಜಿನ್‌ದು ಮಾತ್ರ ತೆಗೀಬೇಡಿ, ಮುಖ ಸುಟ್ಟುಕೊಳ್ತೀರಿ. ಡಿಪ್ ಸ್ಟಿಕ್ ಎಳೆದು ಆಯಿಲ್ ನೋಡಿ, ಕಪ್ಪಗಿದ್ರೆ ಪರವಾಗಿಲ್ಲ, ಹಾಲು ಬೆರೆಸಿದ ಚಾ ಬಣ್ಣಕ್ಕೆ ಬಂದಿದ್ರೆ ನೀರು ಸೇರಿದೆ, ಅಲ್ಲಿಂದಲೇ ವಾಪಸ್ ಬನ್ನಿ. ಸ್ಟಾರ್ಟ್ ಆಗಿ ಒಂದು ಹತ್ತು ನಿಮಿಷ ಓಡಿದ್ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಪುಸ್ ಪುಸ್ ಅಂತ ಹೊಗೆ ಹೊಡೆದ್ರೆ ಬ್ಯಾಕ್ ಕಂಪ್ರೆಷನ್, ರಿಂಗು ಲೈನರ್ ಮುಗಿದಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದ್ರೂ ಅದೇ ಕಥೆ. ಕಪ್ಪು ಹೊಗೆಗೆ ಅಷ್ಟು ಹೆದರಬೇಡಿ, ಸುಮಾರು ಸಲ ಏರ್ ಫಿಲ್ಟರು ಇಲ್ಲಾ ನಾಜಲ್ ಕೆಲಸದಲ್ಲೇ ಮುಗಿಯುತ್ತೆ, ಆದ್ರೆ ತಂಬಾಕು ಹೊಲದ ಗಾಡಿ ಅಂದ್ರಲ್ಲ, ಆ ಕಡೆ ಧೂಳು ಜಾಸ್ತಿ, ಏರ್ ಕ್ಲೀನರ್ ಬಿಚ್ಚಿಸಿ ಒಳಗೆ ಎಂಜಿನ್ ಕಡೆ ಹೋಗೋ ಪೈಪಿಗೆ ಬೆರಳು ಹಾಕಿ. ಬೆರಳಿಗೆ ಧೂಳು ಅಂಟಿದ್ರೆ ಆ ಧೂಳು ಎಷ್ಟೋ ವರ್ಷದಿಂದ ಸಿಲಿಂಡರ್ ಒಳಗೂ ಹೋಗಿದೆ.

ಸಿಂಗಲ್ ಸಿಲಿಂಡರ್ ಗಾಡಿ ಅಲುಗಾಡೋದು ಸಹಜ, ಅದಕ್ಕೆ ಗಾಬರಿ ಆಗ್ಬೇಡಿ. ರಿಪೇರಿ ಖರ್ಚು ಕಮ್ಮಿ, ಒಂದೇ ಪಿಸ್ಟನ್ನು ಒಂದೇ ಲೈನರು, ಅದು ಅದರ ಲಾಭ.

ಲಿಫ್ಟ್ ಟೆಸ್ಟ್ ಮಾಡೋಕೆ ರೋಟವೇಟರ್ ಪೂರ್ತಿ ಮೇಲೆತ್ತಿ ಎಂಜಿನ್ ಆಫ್ ಮಾಡಿ. ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಅದು ನೆಲ ಮುಟ್ಟಿ ಕೂತಿದ್ರೆ ಹೈಡ್ರಾಲಿಕ್ ಕೆಲಸ ಇದೆ. ಎತ್ತಿರೋ ರೋಟವೇಟರ್ ಕೆಳಗೆ ಮಾತ್ರ ಕೈ ಕಾಲು ಹಾಕಿ ಬಗ್ಗಿ ನೋಡ್ಬೇಡಿ.

ಮಾದಾಪುರದವ

ಸ್ಪ್ಯಾನರ್ ಅಣ್ಣ, ತುಂಬಾ ಥ್ಯಾಂಕ್ಸ್, ಇಷ್ಟೊಂದು ಯಾರೂ ಹೇಳಿರ್ಲಿಲ್ಲ. ಗದ್ದೆಮನೆಯವರೇ, ನಮ್ಮ ಗದ್ದೆ ಮೂರೇ ತುಂಡು, ಪಕ್ಕದಲ್ಲೇ ರಸ್ತೆ ಇದೆ, ಇಳಿಸೋಕೆ ತೊಂದ್ರೆ ಇಲ್ಲ. ತೋಟದ್ದೇ ಯೋಚನೆ. ಮನೆಯಿಂದ ಕೊಲ್ಲಿ (ಕೆಳಗಿನ ತಗ್ಗು) ತನಕ ಎಸ್ಟೇಟ್ ರೋಡ್ ಇದೆ, ಮಣ್ಣಿಂದು, ಮಧ್ಯೆ ಒಂದು ಕಡೆ ಸರಿಯಾದ ಏರು, ಜೀಪೇ ಫೋರ್ ವೀಲ್ ಹಾಕದೆ ಮಳೆಗಾಲದಲ್ಲಿ ಹತ್ತಲ್ಲ. ಇನ್ನೊಂದು, ಗಿಡದ ಸಾಲಿನ ಮಧ್ಯೆ ರೋಟವೇಟರ್ ಹೊಡೆದ್ರೆ ಕಳೆ ತೆಗೆಯೋ ಆಳು ಉಳಿಯುತ್ತಾ ಅಂತಲೂ ಯೋಚನೆ ಇತ್ತು.

ಶನಿವಾರಸಂತೆ ಕಣಿವೆ

ಜೀಪೇ ಫೋರ್ ವೀಲ್ ಇಲ್ದೆ ಹತ್ತಲ್ಲ ಅಂದ್ರೆ ಟೂ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಟ್ರೈಲರ್ ಕಟ್ಕೊಂಡು ಹತ್ತುತ್ತೆ ಅಂತ ಹೇಗೆ ಅಂದ್ಕೊಂಡ್ರಿ? ಬೇಸಿಗೆಯಲ್ಲಿ ಹತ್ತುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಗಾಡಿ ಶೆಡ್‌ನಲ್ಲಿ ಅಂತ ಇಟ್ಕೊಳ್ಳಿ. ಚೆರಿ ಸಾಗಿಸೋದು ಜನವರಿಯಿಂದ ಮಾರ್ಚ್, ಅಷ್ಟಕ್ಕೆ ಸಾಕು ಅಂದ್ರೆ ತಗೊಳ್ಳಿ. ಮಳೆಗಾಲದಲ್ಲೂ ಗೊಬ್ಬರ ಕೊಲ್ಲಿಗೆ ಇಳಿಸ್ಬೇಕು ಅಂದ್ರೆ ಫೋರ್ ವೀಲ್ ಡ್ರೈವ್ ಇರೋದನ್ನೇ ಹುಡುಕಿ. ಕುಬೋಟಾ ಬಿ2441 ಥರದ್ದು 24 ಎಚ್‌ಪಿ, ಮೂರು ಸಿಲಿಂಡರ್, ಫೋರ್ ವೀಲ್, ಗಾಡಿ ತೂಕನೂ ಕಮ್ಮಿ, ಮಹೀಂದ್ರ ಜೀವೋ ಕೂಡ ಇದೆ, ಆದ್ರೆ ಹಳೇದಾದ್ರೂ ನೀವು ಹೇಳೋ ರೇಟಿಗೆ ಸಿಗಲ್ಲ.

ನಮ್ಮನೆಯಲ್ಲೂ ಹಳೇದೇ ಒಂದು 15 ಎಚ್‌ಪಿ ಇದೆ, ಕಂಪನಿ ಹೆಸರು ಬೇಡ. ಎಂಜಿನ್ ಯಾವತ್ತೂ ಕೈ ಕೊಟ್ಟಿಲ್ಲ. ಕೈ ಕೊಟ್ಟಿದ್ದು ಬ್ರೇಕು. ಹಿಂದಿನ ಆಕ್ಸಲ್ ಸೀಲು ಹೋಗಿ ಆಯಿಲ್ ಬ್ರೇಕ್ ಒಳಗೆ ಇಳಿದಿತ್ತು, ಸಮ ಜಾಗದಲ್ಲಿ ಓಡಿಸುವಾಗ ಏನೂ ಗೊತ್ತಾಗಿರ್ಲಿಲ್ಲ, ಗೊಬ್ಬರ ತುಂಬಿ ಇಳಿಯುವಾಗ ಒಂದು ಕಡೆ ಚಕ್ರ ಹಿಡಿಯುತ್ತೆ ಇನ್ನೊಂದು ಕಡೆ ಹಿಡಿಯಲ್ಲ, ಗಾಡಿ ಅಡ್ಡ ತಿರುಗೋಕೆ ಶುರು. ಪುಣ್ಯಕ್ಕೆ ಪಕ್ಕದಲ್ಲಿ ಸಿಲ್ವರ್ ಮರ ಇತ್ತು, ಟ್ರೈಲರ್ ಅದಕ್ಕೆ ಒರಗಿ ನಿಂತಿತು. ಹಾಗಾಗಿ ಹುಣಸೂರಲ್ಲಿ ನೋಡುವಾಗ ಹಿಂದಿನ ಚಕ್ರದ ಒಳಮೈ ಕಡೆ ಬಗ್ಗಿ ನೋಡಿ, ಆಕ್ಸಲ್ ಕೆಳಗಿಂದ ರಿಮ್ ತನಕ ಎಣ್ಣೆ ಒಸರಿ ಧೂಳು ಅಂಟಿದ ಕಪ್ಪು ಗೆರೆ ಇದ್ಯಾ ಅಂತ. ಪೇಂಟ್ ಮಾಡಿದವರು ಅಲ್ಲಿ ತನಕ ಒರೆಸಿರಲ್ಲ. ಬಯಲು ಸೀಮೆ ಗಾಡಿಗೆ ಬ್ರೇಕ್ ಕೆಲಸನೇ ಬಿದ್ದಿರಲ್ಲ, ಅವರಿಗೂ ಗೊತ್ತಿರಲ್ಲ ಅದು ಹಿಡಿಯುತ್ತಾ ಇಲ್ವಾ ಅಂತ, ಸುಳ್ಳು ಹೇಳ್ತಾರೆ ಅಂತಲ್ಲ. ಎಡ ಬಲ ಚಕ್ರಕ್ಕೆ ಒಂದೊಂದರಂತೆ ಇರೋ ಎರಡು ಬ್ರೇಕ್ ಪೆಡಲ್ ಬೇರೆ ಬೇರೆ ಒತ್ತಿ ನೋಡಿ, ಆಮೇಲೆ ಎರಡನ್ನೂ ಸೇರಿಸೋ ಪಟ್ಟಿ ಹಾಕಿ ಒಟ್ಟಿಗೆ ಒತ್ತಿ. ಆ ಪಟ್ಟಿನೇ ಕಳೆದು ಹೋಗಿರುತ್ತೆ ಎಷ್ಟೋ ಗಾಡಿಯಲ್ಲಿ, ರೋಡಲ್ಲಿ ಓಡಿಸುವಾಗ ಅದು ಇರಲೇಬೇಕು.

ಓಡಿಸೋದ್ರ ಬಗ್ಗೆ ಒಂದು ಮಾತು, ನೀವು ಜೀಪ್ ಅಭ್ಯಾಸ ಅಂದ್ರಿ ಅದಕ್ಕೆ. ಇಳಿಜಾರಲ್ಲಿ ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಮಾಡ್ಲೇಬೇಡಿ, ಮೇಲಿಂದಲೇ ಲೋ ಗೇರ್‌ಗೆ ಹಾಕ್ಕೊಂಡು ಇಳೀರಿ. ಟ್ರೈಲರ್‌ಗೆ ಬ್ರೇಕ್ ಇರಲ್ಲ, ಹಿಂದಿನ ಲೋಡು ಏಳುನೂರು ಎಂಟುನೂರು ಕೆಜಿ ಗಾಡಿಯನ್ನ ತಳ್ಕೊಂಡು ಹೋಗುತ್ತೆ. ಇನ್ನೊಂದು, ಮರದ ದಿಮ್ಮಿ ಎಳೆಯುವಾಗ ಹಗ್ಗ ಯಾವತ್ತೂ ಕೆಳಗಿನ ಕೊಕ್ಕೆಗೇ ಕಟ್ಟಿ. ಮೇಲಿನ ಟಾಪ್ ಲಿಂಕ್‌ಗೋ ಸೀಟ್ ಹತ್ರಕ್ಕೋ ಕಟ್ಟಿ ಏರಿನಲ್ಲಿ ಎಳೆದ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತೆ, ಹಾರಿ ತಪ್ಪಿಸ್ಕೊಳ್ಳೋಕೂ ಟೈಮ್ ಇರಲ್ಲ.

ರೋಬಸ್ಟಾ ಸಾಲಲ್ಲಿ ರೋಟವೇಟರ್ ಆಸೆ ಬಿಡಿ. ಹತ್ತಡಿ ಅಂತರದಲ್ಲಿ ನೆಟ್ಟಿದ್ರೂ ದೊಡ್ಡ ಗಿಡದ ರೆಕ್ಕೆಗಳು (ಕೊಂಬೆಗಳು) ಮಧ್ಯದಲ್ಲಿ ಕೂಡಿರುತ್ತೆ, ಗಾಡಿ ನುಗ್ಗಿಸಿದ್ರೆ ರೆಕ್ಕೆ ಮುರಿಯುತ್ತೆ. ಅದಕ್ಕಿಂತ ಮುಖ್ಯ, ಕಾಫಿ ಗಿಡ ಗೊಬ್ಬರ ನೀರು ತಗೊಳ್ಳೋ ಸಣ್ಣ ಬೇರುಗಳು ಜಾಸ್ತಿ ಇರೋದು ಮೇಲಿನ ಒಂದಡಿಯೊಳಗೇ, ರೋಟವೇಟರ್ ಅದನ್ನೇ ಕೊಚ್ಚುತ್ತೆ. ಕಳೆಗೆ ಬ್ರಷ್ ಕಟ್ಟರ್ ಸಾಕು.

ಪೊನ್ನಂಪೇಟೆ ಅಕ್ಕ

ಗಂಡಸರೆಲ್ಲ ಎಂಜಿನ್ನು ಬ್ರೇಕು ಅಂತ ಶುರು ಹಚ್ಕೊಂಡ್ರಿ, ದುಡ್ಡಿನ ಲೆಕ್ಕ ಯಾರೂ ಹಾಕ್ಲಿಲ್ಲ 😄

ತಮ್ಮಾ, ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ ಅಂತ ಮೊದಲು ಬರೀ. ಗದ್ದೆ ಉಳುಮೆ, ಗೊಬ್ಬರ, ಚೆರಿ, ಸೌದೆ, ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋದು, ಎಲ್ಲ ಸೇರಿಸಿದ್ರೂ ನಿನ್ನ ಅಳತೆಗೆ ಅರವತ್ತು ಎಪ್ಪತ್ತು ಗಂಟೆ ಮೇಲೆ ಹೋಗಲ್ಲ. ನಮ್ಮ ಕಡೆ ಬಾಡಿಗೆ ಗಂಟೆಗೆ ಸಾವಿರದಿಂದ ಸಾವಿರದಿನ್ನೂರು, ಅಂದ್ರೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಸಾವಿರ. ಸ್ವಂತ ಗಾಡಿ ಆದ್ರೆ ಡೀಸೆಲ್ ಗಂಟೆಗೆ ಒಂದೂವರೆ ಎರಡು ಲೀಟರ್ ಕುಡಿಯುತ್ತೆ, ಇನ್ಶೂರೆನ್ಸು, ಆಯಿಲ್ಲು, ಒಂದು ಟೈರೋ ಬ್ಯಾಟರಿಯೋ ಅಂತ ವರ್ಷಕ್ಕೆ ಮೂವತ್ತು ಸಾವಿರ ಆದ್ರೂ ಹೋಗುತ್ತೆ, ಡ್ರೈವರ್ ನೀನೇ ಅಂತ ಇಟ್ಕೊಂಡ್ರೆ. ಗಾಡಿ ತಂದ ಮೇಲೆ ರಿಪೇರಿಗೆ ಇನ್ನೊಂದು ನಲವತ್ತು ಎತ್ತಿಡು. ಎಲ್ಲ ಸರಿ ಇದ್ರೆ ಐದಾರು ವರ್ಷದಲ್ಲಿ ದುಡ್ಡು ವಾಪಸ್. ಮಧ್ಯೆ ಒಂದು ಸಲ ಎಂಜಿನ್ ಬಿಚ್ಚಿದ್ರೆ ಆ ಲೆಕ್ಕ ತಲೆಕೆಳಗು. ಆದ್ರೆ ನಾಟಿ ಟೈಮಲ್ಲಿ ಯಾರ ಕಾಲೂ ಹಿಡೀಬೇಕಾಗಿಲ್ಲ ಅಲ್ವಾ, ಅದಕ್ಕೆ ನೀನು ಎಷ್ಟು ಬೆಲೆ ಕಟ್ತೀಯ ಅನ್ನೋದರ ಮೇಲೆ ಇದೆ. ನಾನು ಅದಕ್ಕೇ ತಗೊಂಡಿದ್ದು, ಲಾಭಕ್ಕಲ್ಲ.

ಪಕ್ಕದ ತೋಟದವರು ಯಾರಾದ್ರೂ ಅರ್ಧ ಹಾಕ್ತಾರಾ ಕೇಳು. ಇಲ್ಲಾಂದ್ರೆ ಹೋಬಳಿ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಇದೆಯಾ ವಿಚಾರಿಸು, ಒಂದು ಮಳೆಗಾಲ ಬಾಡಿಗೆ ಗಾಡಿ ನಿನ್ನ ಏರಿನಲ್ಲಿ ಓಡಿಸಿ ನೋಡಿದ ಹಾಗೂ ಆಯ್ತು.

ಬೋರ್ಡೋ ಹೊಡೆದ ದಿನನೇ ಗಾಡಿ ತೊಳೀಬೇಕು, ಮೈಲುತುತ್ತ ಕಬ್ಬಿಣ ತಿನ್ನುತ್ತೆ. ನಾಳೆ ತೊಳೆಯೋಣ ಅಂತ ಬಿಟ್ಟ ನಟ್ಟುಗಳು ಆಮೇಲೆ ಸ್ಪ್ಯಾನರ್‌ಗೂ ಬಗ್ಗಲ್ಲ.

ವಿರಾಜಪೇಟೆ ರೈಡರ್

ಹಳೇದು ಯಾಕೆ, ಹೊಸದೇ ತಗೊಳ್ಳಿ ಗುರು. 2025 ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಮಿನಿ ಟ್ರ್ಯಾಕ್ಟರ್‌ಗೆ ಸಬ್ಸಿಡಿನೂ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ. ಹಳೇದಕ್ಕೆ ಸಬ್ಸಿಡಿ ಇಲ್ಲ.

ಸ್ಪ್ಯಾನರ್ ಕುಶಾಲನಗರ

ಸಬ್ಸಿಡಿ ಅರ್ಜಿ ಹಾಕೋದು ಒಳ್ಳೇದೇ, ಆದ್ರೆ ಅದು ಯಾವಾಗ ಬರುತ್ತೆ ಅಂತ ಕಾಯ್ತಾ ಕೂತ್ರೆ ಇವರ ಈ ವರ್ಷದ ನಾಟಿ ಮುಗಿದಿರುತ್ತೆ. ಜಿಎಸ್‌ಟಿ ವಿಷ್ಯ ಮಾತ್ರ ಚೆನ್ನಾಗಿ ನೆನಪು ಮಾಡಿದ್ರಿ. ಹೊಸದರ ರೇಟು ಇಳಿದ್ಮೇಲೆ ಹಳೇದರ ರೇಟೂ ಇಳೀಬೇಕು, ಟೈರ್, ಸ್ಪೇರ್ ಪಾರ್ಟ್ಸ್ ಮೇಲೂ 18 ಇದ್ದಿದ್ದು 5 ಆಗಿದೆ. ಮಾರೋರು ಇನ್ನೂ ಹಳೇ ಲೆಕ್ಕದಲ್ಲೇ ಕೇಳ್ತಿದಾರೆ, ಚೌಕಾಸಿ ಮಾಡುವಾಗ ಇದನ್ನೇ ಮುಂದಿಡಿ.

ಆರ್‌ಸಿ ಮೊದಲು

ಯಾರೂ ಪೇಪರ್ ಬಗ್ಗೆ ಹೇಳ್ಲಿಲ್ವಲ್ಲ. 2012 ಮಾಡೆಲ್ ಅಂದ್ರೆ ನೋಂದಣಿ ಹದಿನೈದು ವರ್ಷಕ್ಕೆ, 2027ರಲ್ಲಿ ಮುಗಿಯುತ್ತೆ. ಆಮೇಲೆ ಗಾಡಿ ತೋರಿಸಿ ರಿನ್ಯೂ ಮಾಡಿಸ್ಬೇಕು, ಐದು ವರ್ಷಕ್ಕೆ ಕೊಡ್ತಾರೆ. ಆ ಖರ್ಚು ಓಡಾಟ ಎರಡೂ ನಿಮ್ಮ ತಲೆಗೇ ಬರೋದು. ಆರ್‌ಸಿಯಲ್ಲಿ ತಾರೀಕು ನೋಡಿ.

ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಬ್ಯಾಂಕ್ ಸಾಲ ಇನ್ನೂ ಇದ್ಯಾ, ಇನ್ಶೂರೆನ್ಸ್ ಇದ್ಯಾ ಗೊತ್ತಾಗುತ್ತೆ. ಸಾಲ ತೀರಿಸಿದೀನಿ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ, ಬ್ಯಾಂಕ್‌ನ ಎನ್‌ಓಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ), ಫಾರಂ 35 ಕೈಗೆ ಬರ್ಬೇಕು. ಹೆಸರು ಬದಲಾಯಿಸೋಕೆ ಫಾರಂ 29, 30ಕ್ಕೆ ಮಾರೋರ ಸಹಿ ದುಡ್ಡು ಕೊಡೋ ದಿನವೇ ಹಾಕಿಸ್ಕೊಳ್ಳಿ. ಹುಣಸೂರು ಆರ್‌ಟಿಓ ಗಾಡಿ ಆದ್ರೆ ಕೆಎ 45 ಇರುತ್ತೆ, ಕೊಡಗಿಗೆ ತರೋಕೆ ಏನೇನು ಬೇಕು ಅಂತ ಮಡಿಕೇರಿ ಆರ್‌ಟಿಓದಲ್ಲಿ ಅಡ್ವಾನ್ಸ್ ಕೊಡೋ ಮೊದಲೇ ಕೇಳಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಒಂದೊಂದೇ ಅಂಕೆ ಹೋಲಿಸಿ, ಹೊಸ ಪೇಂಟ್ ಅಂದ್ರಲ್ಲ, ನಂಬರ್ ಮೇಲೂ ಬಳಿದಿದ್ರೆ ಥಿನ್ನರ್ ಹಾಕಿ ಉಜ್ಜಿಸಿ. ಟ್ರೈಲರ್‌ಗೆ ಬೇರೆ ಆರ್‌ಸಿ ಇರ್ಬೇಕು, ಇದನ್ನ ಕೇಳೋದೇ ಮರೀತಾರೆ ಎಲ್ರೂ. ಊರಲ್ಲಿ ಗ್ರಿಲ್ ಶಾಪ್‌ನಲ್ಲಿ ಮಾಡಿಸಿದ ಟ್ರೈಲರ್ ಆದ್ರೆ ಪೇಪರ್ರೇ ಇರಲ್ಲ, ಮೇನ್ ರೋಡಿಗೆ ತಂದ್ರೆ ಕಷ್ಟ.

ಲೈಸೆನ್ಸ್ ನಿಮ್ಮ ಕಾರಿನದ್ದೇ, ಎಲ್‌ಎಮ್‌ವಿ ಸಾಕು. ಮಡ್‌ಗಾರ್ಡ್ ಮೇಲೆ ಆಳು ಕೂರಿಸ್ಕೊಂಡು ಹೋಗ್ಬೇಡಿ. ಟ್ರ್ಯಾಕ್ಟರ್‌ನಲ್ಲಿ ಸೀಟ್ ಇರೋದು ಒಂದೇ, ಏನಾದ್ರೂ ಆದ್ರೆ ಪರಿಹಾರ ನಿಮ್ಮ ಜೇಬಿಂದ.

ಮಾದಾಪುರದವ

ಟ್ರೈಲರ್‌ಗೆ ಆರ್‌ಸಿ ಇಲ್ವಂತೆ, ಈಗ ಫೋನ್ ಮಾಡಿ ಕೇಳಿದೆ. ಟ್ರ್ಯಾಕ್ಟರ್‌ದು ಇದೆ, ಸಾಲ ತೀರಿದೆ, ಎನ್‌ಓಸಿ ಹುಡುಕಿ ಕೊಡ್ತೀನಿ ಅಂತಿದಾರೆ. ಏರಿನ ರಸ್ತೆ ವಿಷ್ಯದಲ್ಲಿ ಕಣಿವೆಯವರು ಹೇಳಿದ್ದು ಸರಿ ಅನ್ಸುತ್ತೆ, ಆದ್ರೆ ಮಳೆಗಾಲದ ಗೊಬ್ಬರ ಮೇ ತಿಂಗಳಲ್ಲೇ ಕೊಲ್ಲಿಯ ಶೆಡ್‌ಗೆ ಇಳಿಸಿಟ್ರೆ ಹೇಗೆ ಅಂತ ಅಪ್ಪನೇ ಐಡಿಯಾ ಕೊಟ್ರು, ಬೇಡ ಅಂದೋರು ಅವರೇ. ಹಾಗಾದ್ರೆ ಟೂ ವೀಲ್ ನಡೆಯುತ್ತೆ. ರೇಟ್ ಎಷ್ಟಕ್ಕೆ ಕೇಳ್ಲಿ?

ಶನಿವಾರಸಂತೆ ಕಣಿವೆ

ಶೆಡ್ ಸುತ್ತ ಚರಂಡಿ ಇದ್ರೆ ಸರಿ, ಇಲ್ಲಾಂದ್ರೆ ಗೊಬ್ಬರ ಕಲ್ಲಾಗುತ್ತೆ. ಚೀಲದ ಕೆಳಗೆ ಹಲಗೆ ಹಾಕಿ.

ಸ್ಪ್ಯಾನರ್ ಕುಶಾಲನಗರ

ಟ್ರೈಲರ್ ಬಿಟ್ಟು ಬರೀ ಟ್ರ್ಯಾಕ್ಟರ್, ರೋಟವೇಟರ್‌ಗೆ ಒಂದು ನಲವತ್ತರಿಂದ ಶುರು ಮಾಡಿ, ಎಂಜಿನ್ನು ಬ್ರೇಕು ಎರಡೂ ಚೆನ್ನಾಗಿದ್ರೆ ಒಂದು ಐವತ್ತೈದು ದಾಟಬೇಡಿ. ಹಿಂದಿನ ಟೈರ್ ಬಿರುಕು ಬಿಟ್ಟಿದ್ರೆ ಜೋಡಿ ಟೈರಿನ ರೇಟ್ ವಿಚಾರಿಸಿ ಅಷ್ಟನ್ನೂ ಕಳೀರಿ, ಗುಡ್ಡೆ (ಟೈರ್ ಮೇಲಿನ ಉಬ್ಬು) ಮುಗಿದ ಟೈರ್ ನಮ್ಮ ಮಣ್ಣಲ್ಲಿ ಬೇಸಿಗೆ ಮಳೆಗೂ ನಿಲ್ಲಲ್ಲ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸಿ, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗೋ ಕೀಲು) ಬುಶ್ ಆಟ ಇದ್ರೆ ಅದು ದೊಡ್ಡ ಖರ್ಚಲ್ಲ, ರೇಟ್ ಇಳಿಸೋಕೆ ಮಾತ್ರ ಬಳಸಿ. ಕ್ಲಚ್ಚಿಗೆ ಒಂದೇ ಟೆಸ್ಟು, ಬ್ರೇಕ್ ಗಟ್ಟಿ ಒತ್ತಿ ಟಾಪ್ ಗೇರ್ ಹಾಕಿ ನಿಧಾನ ಕ್ಲಚ್ ಬಿಡಿ, ಎಂಜಿನ್ ಆಫ್ ಆಗ್ಬೇಕು. ಆಫ್ ಆಗದೆ ಗುಂಯ್ ಅಂತ ಓಡ್ತಾನೇ ಇದ್ರೆ ಪ್ಲೇಟ್ ಮುಗಿದಿದೆ, ಗಾಡಿ ಎರಡು ತುಂಡು ಮಾಡಿ ಬಿಚ್ಚಬೇಕು, ಆಳಿನ ಖರ್ಚು ಪ್ಲೇಟಿಗಿಂತ ಜಾಸ್ತಿ.

ಹೋಗೋ ಮೊದಲು ಮಾಡೆಲ್ ಹೆಸರು ಹಿಡ್ಕೊಂಡು ಕುಶಾಲನಗರ, ಹುಣಸೂರು ಎರಡು ಕಡೆ ಸ್ಪೇರ್ ಅಂಗಡಿಗೆ ಫೋನ್ ಮಾಡಿ, ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗು, ಆಕ್ಸಲ್ ಸೀಲು ಈ ಮೂರು ಸ್ಟಾಕ್ ಇದ್ಯಾ ಅಂತ ಕೇಳಿ. ಯುವರಾಜ್ 215, ಸ್ವರಾಜ್ 717 ಇಂಥವು ಇವತ್ತಿಗೂ ಓಡ್ತಿರೋ ಮಾಡೆಲ್, ಪಾರ್ಟ್ಸ್‌ಗೆ ಪರದಾಟ ಇಲ್ಲ. ತಯಾರಿ ನಿಲ್ಲಿಸಿದ ಮಾಡೆಲ್ ಆಗಿದ್ರೆ ಒಂದು ಲಕ್ಷಕ್ಕೆ ಕೊಟ್ರೂ ಬೇಡ. ಭಾನುವಾರ ಆದ್ರೆ ನಾನೂ ಬರ್ತೀನಿ, ಪೆಟ್ರೋಲ್ ನಿಮ್ದು, ಊಟನೂ ನಿಮ್ದೇ.